ಬ್ರಿಟನ್ನಿನ ಎರಡು ಸಾಲುಗಳು: ಕೌನ್ಸಿಲ್ ಮನೆಗೆ ಕಾಯುವವರು, ಆಶ್ರಯ ಕೇಳಿ ಬಂದವರು

1972ರ ಸೆಪ್ಟೆಂಬರ್‌ನಲ್ಲಿ ಕಂಪಾಲಾದ 'ಉಗಾಂಡಾ ಆರ್ಗಸ್' ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಕೊಟ್ಟಿದ್ದು ಇಂಗ್ಲೆಂಡಿನ ಲೆಸ್ಟರ್ ಊರಿನ ಕೌನ್ಸಿಲ್, ಅಂದರೆ ಅಲ್ಲಿನ ನಗರಸಭೆ. ಏಷ್ಯಾ ಮೂಲದವರೆಲ್ಲ 90 ದಿನದೊಳಗೆ ದೇಶ ಬಿಡಬೇಕು ಅಂತ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಆಗಲೇ ಹೇಳಿಯಾಗಿತ್ತು. ಅವರಲ್ಲಿ ಹೆಚ್ಚಿನವರು ಗುಜರಾತಿಗಳು, ಬಹಳ ಜನರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು. ಎಲ್ಲಿಗೆ ಹೋಗುವುದು ಎಂದು ಯೋಚಿಸುತ್ತ ಕೂತಿದ್ದ ಆ ಜನರಿಗೆ ಜಾಹೀರಾತು ಹೇಳಿದ್ದು ಇಷ್ಟು: ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ, ಲೆಸ್ಟರ್‌ಗೆ ಬರಬೇಡಿ. ಅದಕ್ಕೆ ಕೊಟ್ಟ ಮೊದಲ ಕಾರಣವೇ ಮನೆ. ಕೌನ್ಸಿಲ್ ಮನೆಗಾಗಿ ಆಗಲೇ ಸಾವಿರಾರು ಕುಟುಂಬಗಳು ಕಾಯುತ್ತಿವೆಯಂತೆ.

ಜನ ಬಂದರು. ಸುಮಾರು 28,000 ಮಂದಿ ಬ್ರಿಟನ್ನಿಗೆ ಬಂದಿಳಿದರು. ಮೊದಲು ಅವರನ್ನು ಇಟ್ಟಿದ್ದು ಖಾಲಿ ಬಿದ್ದಿದ್ದ ಸೇನಾ ನೆಲೆಗಳಲ್ಲಿ. ಅಲ್ಲಿಂದ ಲೆಸ್ಟರ್‌ಗೆ ಹೋದವರಲ್ಲಿ ಎಷ್ಟೋ ಕುಟುಂಬಗಳು ಕೌನ್ಸಿಲ್ ಮನೆಗೆ ಕಾಯುತ್ತ ಕೂರಲಿಲ್ಲ. ಬೆಲ್‌ಗ್ರೇವ್ ಕಡೆಯ ಹಳೆಯ ಸಾಲುಮನೆಗಳನ್ನು ಕೊಂಡು, ರಿಪೇರಿ ಮಾಡಿಸಿಕೊಂಡು ಇದ್ದುಬಿಟ್ಟರು. ಇವತ್ತು ಭಾರತದ ಹೊರಗೆ ನಡೆಯುವ ಅತಿ ದೊಡ್ಡ ದೀಪಾವಳಿಗಳಲ್ಲಿ ಒಂದು ಅದೇ ಬೆಲ್‌ಗ್ರೇವ್ ರಸ್ತೆಯದು.

ಅರ್ಧ ಶತಮಾನ ಕಳೆದರೂ ಬ್ರಿಟನ್ನಿನಲ್ಲಿ ಅದೇ ಮಾತು ನಡೆಯುತ್ತಿದೆ: ನಮ್ಮವರಿಗೇ ಮನೆ ಇಲ್ಲ, ಹೊರಗಿನವರಿಗೆ ಎಲ್ಲಿಂದ ಕೊಡೋಣ? ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಿಗೂ ಈಗ ಆ ವಿಡಿಯೊಗಳು ಬರುತ್ತವೆ. ದೋಣಿಯಲ್ಲಿ ಬಂದವರಿಗೆ ಪುಕ್ಕಟೆ ಹೋಟೆಲು, ಆಮೇಲೆ ಪುಕ್ಕಟೆ ಮನೆ, ಅಲ್ಲೇ ಹುಟ್ಟಿ ಬೆಳೆದವರು ಬೀದಿಯಲ್ಲಿ, ಹೀಗೆ. ನೋಡಿದವರಿಗೆ ಸಿಟ್ಟು ಬರುವುದು ಸಹಜ. ಆದರೆ ಆ ವಿಡಿಯೊಗಳು ಎರಡು ಬೇರೆ ಸಾಲುಗಳನ್ನು ಒಂದೇ ಸಾಲು ಎಂಬಂತೆ ತೋರಿಸುತ್ತವೆ. ಕೌನ್ಸಿಲ್ ಮನೆಗೆ ಕಾಯುವವರದು ಒಂದು ಸಾಲು. ಆಶ್ರಯ ಕೇಳಿ ಬಂದವರದು ಇನ್ನೊಂದು. ಇವೆರಡರ ಕಾನೂನು ಬೇರೆ, ದುಡ್ಡು ಬೇರೆ, ನೋಡಿಕೊಳ್ಳುವ ಕಚೇರಿಯೂ ಬೇರೆ. ಎರಡೂ ಬಂದು ಸೇರುವುದು ಒಂದೇ ಕಡೆ, ಮತ್ತು ನನ್ನ ಪ್ರಕಾರ ಇಡೀ ವ್ಯವಸ್ಥೆ ಕುಸಿಯುವುದೂ ಅಲ್ಲೇ. ಅದನ್ನು ಬಿಡಿಸಿ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎರಡು ಪದ. 'ಆಶ್ರಯ ಕೋರಿದವರು' ಅಂದರೆ, ನಮ್ಮ ದೇಶದಲ್ಲಿ ನಮಗೆ ಜೀವಭಯ ಇದೆ, ಇಲ್ಲಿ ಇರಲು ಬಿಡಿ ಎಂದು ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತಿರುವವರು. 'ನಿರಾಶ್ರಿತರು' ಅಂದರೆ, ಆ ಅರ್ಜಿ ಒಪ್ಪಿಗೆಯಾದವರು. ದಿನದ ಮಾತಿನಲ್ಲಿ ನಾವು ಇವೆರಡನ್ನೂ ಸೇರಿಸಿಬಿಡುತ್ತೇವೆ. ಬ್ರಿಟನ್ನಿನಲ್ಲಿ ಮನೆಯ ವಿಷಯಕ್ಕೆ ಬಂದರೆ ಇವರಿಬ್ಬರ ಸ್ಥಿತಿಗೆ ಭೂಮಿ ಆಕಾಶದ ಅಂತರ.

ಈಗ ಮೊದಲ ಸಾಲು, ಕೌನ್ಸಿಲ್ ಮನೆಯದು. ಇವು ಕೌನ್ಸಿಲ್ ಅಥವಾ ಹೌಸಿಂಗ್ ಅಸೋಸಿಯೇಷನ್ ಎಂಬ ಲಾಭಕ್ಕಲ್ಲದ ಸಂಸ್ಥೆಗಳು ಬಾಡಿಗೆಗೆ ಕೊಡುವ ಮನೆಗಳು. ಬಾಡಿಗೆ ಮಾರುಕಟ್ಟೆಗಿಂತ ಬಹಳ ಕಡಿಮೆ. ಒಮ್ಮೆ ಸಿಕ್ಕರೆ ಸಾಮಾನ್ಯವಾಗಿ ಯಾರೂ ಎಬ್ಬಿಸುವುದಿಲ್ಲ. ನಮ್ಮಲ್ಲಿ ಆಶ್ರಯ ಯೋಜನೆಯ ಮನೆ ಅಂದರೆ ಮನೆಯೇ ನಮ್ಮ ಹೆಸರಿಗೆ ಆಗುತ್ತದೆ, ಅಲ್ವಾ? ಇದು ಹಾಗಲ್ಲ, ಜೀವನಪೂರ್ತಿ ಬಾಡಿಗೆ ಕಟ್ಟುವ ಮನೆ. 'ಪುಕ್ಕಟೆ' ಅನ್ನುವ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹತ್ತು ಕುಟುಂಬಗಳಲ್ಲಿ ಮೂರು ಇಂಥ ಮನೆಗಳಲ್ಲಿದ್ದವು. ಈಗ ಆರರಲ್ಲಿ ಒಂದು. ಏನಾಯಿತು? 1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಒಂದು ಕಾನೂನು ತಂದಿತು. ಕೌನ್ಸಿಲ್ ಮನೆಯಲ್ಲಿ ಬಾಡಿಗೆಗಿರುವವರು ಅದೇ ಮನೆಯನ್ನು ದೊಡ್ಡ ರಿಯಾಯಿತಿಯಲ್ಲಿ ಕೊಳ್ಳಬಹುದು. ಲಕ್ಷಾಂತರ ಕಾರ್ಮಿಕ ಕುಟುಂಬಗಳು ಮೊದಲ ಬಾರಿಗೆ ಸ್ವಂತ ಮನೆ ಕಂಡವು. ಅದು ಸಣ್ಣ ವಿಷಯ ಅಲ್ಲ, ಯಾರಿಗೇ ಆದರೂ ಸ್ವಂತ ಸೂರಿನ ಆಸೆ ಇರುತ್ತದೆ. ಆದರೆ ಇಂಗ್ಲೆಂಡೊಂದರಲ್ಲೇ 20 ಲಕ್ಷದ ಹತ್ತಿರ ಮನೆಗಳು ಹೀಗೆ ಮಾರಾಟವಾದವು, ಮತ್ತು ಬಂದ ದುಡ್ಡಿನಲ್ಲಿ ಅಷ್ಟೇ ಹೊಸ ಮನೆ ಕಟ್ಟಲು ಕೌನ್ಸಿಲ್‌ಗಳಿಗೆ ಸರ್ಕಾರ ಬಿಡಲಿಲ್ಲ. ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಮಾರಾಟ ನಿಲ್ಲಿಸಿದವು. ಇಂಗ್ಲೆಂಡಿನಲ್ಲಿ ಇನ್ನೂ ನಿಂತಿಲ್ಲ, 2024ರ ನವೆಂಬರ್‌ನಲ್ಲಿ ರಿಯಾಯಿತಿಯನ್ನು ಮಾತ್ರ ಬಹಳಷ್ಟು ಇಳಿಸಿದರು.

ಇದು ಮುಖ್ಯ, ಯಾಕೆಂದರೆ ಮಾರಾಟ ಜೋರಾಗಿ ನಡೆದ ಆ ಎರಡು ದಶಕಗಳಲ್ಲಿ ಸಣ್ಣ ದೋಣಿಗಳಲ್ಲಿ ಯಾರೂ ಫ್ರಾನ್ಸ್ ಮತ್ತು ಇಂಗ್ಲೆಂಡಿನ ನಡುವಿನ ಸಮುದ್ರ ದಾಟಿ ಬರುತ್ತಿರಲಿಲ್ಲ. ಮನೆಗಳು ಕಡಿಮೆಯಾಗಿದ್ದು ಅವರು ಬರುವ ಮುಂಚೆ.

2024ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಕೌನ್ಸಿಲ್ ಪಟ್ಟಿಗಳಲ್ಲಿ 13.3 ಲಕ್ಷ ಕುಟುಂಬಗಳಿದ್ದವು. ಒಂದು ವರ್ಷದಲ್ಲಿ ಹೊಸದಾಗಿ ಬಾಡಿಗೆಗೆ ಸಿಗುವ ಇಂಥ ಮನೆಗಳು ಸುಮಾರು ಎರಡೂವರೆ ಲಕ್ಷ. ಅದರಲ್ಲೂ ಒಂದು ಪಾಲು ಆಗಲೇ ಕೌನ್ಸಿಲ್ ಮನೆಯಲ್ಲಿದ್ದು ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವವರಿಗೆ ಹೋಗುತ್ತದೆ. ಪಟ್ಟಿಯ ಈ ಸಂಖ್ಯೆಯನ್ನೂ ಸುಮ್ನೆ ನಂಬುವ ಹಾಗಿಲ್ಲ. 2012ರಲ್ಲಿ ಇದು 18.5 ಲಕ್ಷ ಇತ್ತು. 2018ರ ಹೊತ್ತಿಗೆ ಸುಮಾರು 11 ಲಕ್ಷಕ್ಕೆ ಇಳಿಯಿತು. ಇಷ್ಟು ಇಳಿಯಲು ಕಾರಣ ಹೊಸ ಮನೆಗಳಲ್ಲ. 2011ರ ಒಂದು ಕಾನೂನು, ಪಟ್ಟಿಗೆ ಯಾರು ಸೇರಬಹುದು ಎನ್ನುವುದನ್ನು ಆಯಾ ಕೌನ್ಸಿಲ್ಲೇ ತೀರ್ಮಾನಿಸಬಹುದು ಎಂದಿತು. ಇಷ್ಟು ವರ್ಷ ಇದೇ ಊರಿನಲ್ಲಿ ಇದ್ದಿರಬೇಕು, ಬಾಡಿಗೆ ಬಾಕಿ ಇರಬಾರದು, ಆದಾಯ ಇಷ್ಟಕ್ಕಿಂತ ಜಾಸ್ತಿ ಇರಬಾರದು ಎಂದು ನಿಯಮ ಮಾಡಿದರು. ಲಕ್ಷಾಂತರ ಹೆಸರುಗಳು ಪಟ್ಟಿಯಿಂದ ಹೊರಗೆ ಬಿದ್ದವು. ಆ ಹೆಸರಿನ ಜನ ಇಕ್ಕಟ್ಟಿನ ಮನೆಯಲ್ಲೇ ಉಳಿದರು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಅದು ಬ್ರಿಟನ್ನಿನವರಲ್ಲೂ ಇದೆ. ವೇಟಿಂಗ್ ಲಿಸ್ಟ್ ಅಂದ ತಕ್ಷಣ ರೇಷನ್ ಅಂಗಡಿ ಮುಂದಿನ ಸಾಲು ಕಣ್ಣಿಗೆ ಬರುತ್ತದೆ: ಮೊದಲು ಬಂದವರಿಗೆ ಮೊದಲು. ಕೌನ್ಸಿಲ್ ಪಟ್ಟಿ ಹಾಗೆ ನಡೆಯುವುದಿಲ್ಲ. 1996ರ ವಸತಿ ಕಾನೂನಿನ ಪ್ರಕಾರ ಕೆಲವರಿಗೆ ಆದ್ಯತೆ ಕೊಡಲೇಬೇಕು. ಮನೆಯಿಲ್ಲದವರು, ಇಕ್ಕಟ್ಟಾದ ಅಥವಾ ವಾಸಕ್ಕೆ ಲಾಯಕ್ಕಿಲ್ಲದ ಮನೆಯಲ್ಲಿರುವವರು, ಕಾಯಿಲೆ ಅಥವಾ ಅಂಗವೈಕಲ್ಯದ ಕಾರಣಕ್ಕೆ ಬೇರೆ ಮನೆ ಬೇಕಾದವರು. ಇವರನ್ನು ಕಷ್ಟದ ಮಟ್ಟ ನೋಡಿ ಬ್ಯಾಂಡ್‌ಗಳಾಗಿ ವಿಂಗಡಿಸುತ್ತಾರೆ. ಬಹಳ ಕಡೆ ಪ್ರತಿ ವಾರ ಖಾಲಿಯಾದ ಮನೆಗಳ ವಿವರ ವೆಬ್‌ಸೈಟಿನಲ್ಲಿ ಬರುತ್ತದೆ, ಬೇಕಾದ ಮನೆಗೆ 'ಬಿಡ್' ಮಾಡಬೇಕು. ಹೆಸರು ಬಿಡ್ ಅಂತಿದ್ದರೂ ಇದು ಹರಾಜಲ್ಲ, ಜಾಸ್ತಿ ದುಡ್ಡು ಕೂಗಿದವರಿಗೆ ಕೊಡುವುದಿಲ್ಲ. ಬಿಡ್ ಮಾಡಿದವರಲ್ಲಿ ಯಾರ ಬ್ಯಾಂಡ್ ಮೇಲಿದೆ ಎಂದು ನೋಡುತ್ತಾರೆ, ಒಂದೇ ಬ್ಯಾಂಡ್ ಆದರೆ ಯಾರು ಮೊದಲಿಂದ ಕಾಯುತ್ತಿದ್ದಾರೆ ಎಂದು ನೋಡುತ್ತಾರೆ.

ನಮ್ಮ ಬಿಡಿಎ ಸೈಟಿಗೆ ಅರ್ಜಿ ಹಾಕಿದವರಿಗೆ ಇದರ ವ್ಯತ್ಯಾಸ ಬೇಗ ಹೊಳೆಯುತ್ತದೆ. ಅಲ್ಲಿ ಈ ಮುಂಚೆ ಎಷ್ಟು ಸಲ ಅರ್ಜಿ ಹಾಕಿ ಸಿಗದೆ ಹೋಗಿದೆ ಎನ್ನುವುದಕ್ಕೆ ಬೆಲೆ ಇತ್ತು, ಕಾದದ್ದೇ ಒಂದು ಅರ್ಹತೆ. ಇಲ್ಲಿ ಕಷ್ಟ ಎಷ್ಟು ಎನ್ನುವುದೇ ಅರ್ಹತೆ. ಹಾಗಾಗಿ ಏಳು ವರ್ಷದಿಂದ ಕಾಯುತ್ತಿರುವ ತಾಯಿಯೊಬ್ಬಳನ್ನು, ಮೊನ್ನೆ ಮೊನ್ನೆ ಮನೆ ಕಳೆದುಕೊಂಡ ಇನ್ನೊಬ್ಬಳು ಒಂದೇ ವಾರದಲ್ಲಿ ದಾಟಿ ಹೋಗಬಹುದು. ನ್ಯಾಯವಾಗಿಯೇ ಹೋಗಬಹುದು. ಆದರೆ ಏಳು ವರ್ಷ ಕಾದವಳ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಎನ್ನುವುದನ್ನು ನಾವು ಅರ್ಥ ಮಾಡಿಕೊಳ್ಳಬೇಕು. 'ಯಾರೋ ನಡುವೆ ನುಗ್ಗಿದರು' ಎನ್ನುವ ಸಿಟ್ಟು ಹುಟ್ಟುವುದು ಇಲ್ಲಿ. ನುಗ್ಗಿದವಳ ಚರ್ಮದ ಬಣ್ಣ ಬೇರೆಯಾದರೆ ಆ ಸಿಟ್ಟಿಗೆ ಒಂದು ಹೆಸರು ಸಿಕ್ಕಿಬಿಡುತ್ತದೆ.

ಲೆಕ್ಕ ನೋಡಿದರೆ ಇಂಗ್ಲೆಂಡಿನಲ್ಲಿ ಹೊಸದಾಗಿ ಕೊಡುವ ಇಂಥ ಮನೆಗಳಲ್ಲಿ ಸುಮಾರು 90 ಶೇಕಡಾ ಹೋಗುವುದು ಬ್ರಿಟನ್ನಿನ ಪ್ರಜೆಗಳಿಗೇ. ಆಶ್ರಯ ಕೋರಿ ಕಾಯುತ್ತಿರುವವರಿಗೆ ಈ ಪಟ್ಟಿಗೆ ಸೇರುವ ಹಕ್ಕೇ ಇಲ್ಲ. ಕಾನೂನೇ ಅವರನ್ನು ಹೊರಗಿಟ್ಟಿದೆ. ಕನ್ನಡಿಗರಿಗೂ ಇದು ತಟ್ಟುತ್ತದೆ. ಬೆಂಗಳೂರಿನಿಂದ ಐಟಿ ಕೆಲಸಕ್ಕೋ, ಮಂಗಳೂರಿನಿಂದ ನರ್ಸ್ ಕೆಲಸಕ್ಕೋ ವೀಸಾ ಮೇಲೆ ಹೋದವರ ವೀಸಾದಲ್ಲಿ ಸರ್ಕಾರಿ ನೆರವು ಪಡೆಯುವಂತಿಲ್ಲ ಎಂಬ ಷರತ್ತು ಇರುತ್ತದೆ. ತೆರಿಗೆ ಕಟ್ಟುತ್ತಿದ್ದರೂ ಕಾಯಂ ವಾಸದ ಪರವಾನಗಿ ಸಿಗುವವರೆಗೆ ಅವರಿಗೂ ಕೌನ್ಸಿಲ್ ಮನೆ ಇಲ್ಲ.

ಹಾಗಾದರೆ ಆಶ್ರಯ ಕೋರಿದವರು ಎಲ್ಲಿರುತ್ತಾರೆ? ಇಲ್ಲಿಂದ ಎರಡನೇ ಸಾಲು ಶುರು.

1990ರ ದಶಕದವರೆಗೆ ಇವರ ಜವಾಬ್ದಾರಿ ಹೆಚ್ಚಾಗಿ ಬಂದಿಳಿದ ಊರಿನ ಕೌನ್ಸಿಲ್ ಮೇಲೇ ಬೀಳುತ್ತಿತ್ತು. ಅಂದರೆ ಲಂಡನ್ ಮತ್ತು ಡೋವರ್ ಬಂದರಿರುವ ಕೆಂಟ್ ಜಿಲ್ಲೆ. ಅವು ಹೊರಲಾರದೆ ಕೂಗಿಕೊಂಡವು. ಆಗ 1999ರ ಕಾನೂನು ಬಂತು. ಆಶ್ರಯ ಕೋರಿದವರ ವಸತಿ ಇನ್ನು ಮುಂದೆ ಕೇಂದ್ರದ ಗೃಹ ಇಲಾಖೆ ನೋಡಿಕೊಳ್ಳುತ್ತದೆ, ಅವರನ್ನು ದೇಶದ ಬೇರೆ ಬೇರೆ ಊರುಗಳಿಗೆ ಹಂಚುತ್ತದೆ. ಯಾವ ಊರು, ಯಾವ ಮನೆ ಎಂದು ಕೇಳುವ ಆಯ್ಕೆ ಬಂದವರಿಗೆ ಇಲ್ಲ. 2000ದಲ್ಲಿ ಹಂಚಿಕೆ ಶುರುವಾಯಿತು.

ಇವರನ್ನು ಇರಿಸಿಕೊಳ್ಳುತ್ತೇವೆ ಎಂದು ಮುಂದೆ ಬಂದ ಊರುಗಳಲ್ಲಿ ದೊಡ್ಡದು ಸ್ಕಾಟ್ಲೆಂಡಿನ ಗ್ಲಾಸ್ಗೊ. ಅಲ್ಲಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಎರಡು ಸಾಲುಗಳ ಸಂಬಂಧ ಅಲ್ಲಿ ಅಂಗೈ ಮೇಲೆ ಕಾಣುತ್ತದೆ. ಆಗ ಗ್ಲಾಸ್ಗೊದ ಸಮಸ್ಯೆ ಮನೆಯ ಕೊರತೆಯಾಗಿರಲಿಲ್ಲ, ಬೇಡಿಕೆಯ ಕೊರತೆ. 1960ರ ದಶಕದಲ್ಲಿ ಕಟ್ಟಿದ್ದ ಎತ್ತರದ ಕೌನ್ಸಿಲ್ ಕಟ್ಟಡಗಳು ಖಾಲಿ ಬೀಳುತ್ತಿದ್ದವು. 31 ಮಹಡಿಗಳವರೆಗೆ ಎದ್ದಿದ್ದ ರೆಡ್ ರೋಡ್ ಫ್ಲ್ಯಾಟುಗಳು, ಸೈಟ್‌ಹಿಲ್‌ನ ಕಟ್ಟಡಗಳು. ತೇವ, ಕೆಟ್ಟ ಲಿಫ್ಟು, ಹೋಗಲು ಒಪ್ಪದ ಜನ. ಪಟ್ಟಿಯಲ್ಲಿದ್ದವರೇ ಬೇಡ ಎಂದ ಮನೆಗಳವು. ಕೌನ್ಸಿಲ್ ಅಂಥ ಮನೆಗಳನ್ನು ಗೃಹ ಇಲಾಖೆಗೆ ಐದು ವರ್ಷದ ಒಪ್ಪಂದದ ಮೇಲೆ ಕೊಟ್ಟಿತು. ಖಾಲಿ ಮನೆಗೆ ಕೇಂದ್ರದಿಂದ ಬಾಡಿಗೆ ಬಂತು, ಊರಿನ ಖಾಲಿ ಶಾಲೆಗಳಿಗೆ ಮಕ್ಕಳು ಬಂದರು.

ಲೆಕ್ಕಕ್ಕೆ ಚೆನ್ನಾಗಿತ್ತು. ಜನಕ್ಕೆ ಯಾರೂ ಏನೂ ಹೇಳಿರಲಿಲ್ಲ. ಒಂದು ದಿನ ಪಕ್ಕದ ಮನೆಗೆ ಕುರ್ದಿಶ್ ಕುಟುಂಬವೋ, ಸೊಮಾಲಿ ಕುಟುಂಬವೋ ಬರುತ್ತದೆ, ಅವರ ಮನೆಗೆ ಹೊಸ ಹಾಸಿಗೆ, ಹೊಸ ಅಡುಗೆ ಸಾಮಾನು ಬರುತ್ತದೆ. ಇಪ್ಪತ್ತು ವರ್ಷದಿಂದ ಕಿಟಕಿ ರಿಪೇರಿಗೆ ಕೇಳುತ್ತಿದ್ದವರು ಇದನ್ನು ನೋಡುತ್ತ ನಿಲ್ಲುತ್ತಾರೆ. 2001ರ ಆಗಸ್ಟ್‌ನಲ್ಲಿ ಸೈಟ್‌ಹಿಲ್‌ನಲ್ಲಿ ಟರ್ಕಿಯಿಂದ ಬಂದಿದ್ದ ಕುರ್ದಿಶ್ ಯುವಕನೊಬ್ಬನನ್ನು ಇರಿದು ಕೊಂದರು. ದೇಶವೇ ಆ ಕಡೆ ತಿರುಗಿ ನೋಡಿತು. ಆಮೇಲೆ ಅದೇ ಊರಿನಲ್ಲಿ ಇನ್ನೊಂದು ಬಗೆಯ ಕಥೆಯೂ ನಡೆಯಿತು. ಕಿಂಗ್ಸ್‌ವೇ ಎಂಬಲ್ಲಿನ ಕಟ್ಟಡಗಳಲ್ಲಿ ಸ್ಥಳೀಯ ಹೆಂಗಸರು ಬೆಳಗಿನ ಜಾವ ಎದ್ದು, ಅರ್ಜಿ ತಿರಸ್ಕಾರವಾದ ನೆರೆಯವರನ್ನು ಹಿಡಿದೊಯ್ಯಲು ಬರುವ ವಲಸೆ ಇಲಾಖೆಯ ವ್ಯಾನುಗಳಿಗಾಗಿ ಕಾವಲು ಕಾಯುತ್ತಿದ್ದರು. 2005ರಲ್ಲಿ ಡ್ರಮ್‌ಚಾಪೆಲ್ ಶಾಲೆಯ ಏಳು ಹುಡುಗಿಯರು ತಮ್ಮ ಗೆಳತಿಯನ್ನು ಹೀಗೆ ಹಿಡಿದೊಯ್ದಾಗ ಹೋರಾಟಕ್ಕಿಳಿದರು. ಒಂದೇ ಲಿಫ್ಟಿನಲ್ಲಿ ಹತ್ತಿ ಇಳಿದು, ಮಕ್ಕಳು ಒಂದೇ ಶಾಲೆಗೆ ಹೋಗುತ್ತ ಮೂಡಿದ ಸಂಬಂಧ ಅದು. ಹೋಟೆಲಿನಲ್ಲಿ ಇಟ್ಟರೆ ಇದು ಆಗುವುದಿಲ್ಲ.

ರೆಡ್ ರೋಡ್ ಕಟ್ಟಡಗಳನ್ನು 2012ರಿಂದ 2015ರ ನಡುವೆ ಕೆಡವಿದರು. ಖಾಲಿ ಮನೆಗಳ ಕಾಲವೂ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಕೆಲಸ ಖಾಸಗಿ ಗುತ್ತಿಗೆದಾರರ ಕೈಗೆ ಹೋಗಿತ್ತು. 2019ರಿಂದ ಹತ್ತು ವರ್ಷದ ಗುತ್ತಿಗೆ ಮೂರು ಕಂಪನಿಗಳ ಕೈಯಲ್ಲಿದೆ: ಸರ್ಕೊ, ಮಿಯರ್ಸ್, ಕ್ಲಿಯರ್‌ಸ್ಪ್ರಿಂಗ್ಸ್. ಈ ಕಂಪನಿಗಳು ಮಾಮೂಲಿ ಮನೆ ಮಾಲೀಕರಿಂದ ಮನೆ ಬಾಡಿಗೆಗೆ ಹಿಡಿದು ಆಶ್ರಯ ಕೋರಿದವರನ್ನು ಅಲ್ಲಿ ಇರಿಸುತ್ತವೆ. ಕಂಪನಿ ನೋಡುವುದು ಬಾಡಿಗೆ ಎಲ್ಲಿ ಅಗ್ಗ ಎಂದು. ಹಾಗಾಗಿ ಬಂದವರು ಹೋಗಿ ಸೇರಿದ್ದು ಮಿಡಲ್ಸ್‌ಬ್ರೊ, ಸ್ಟೋಕ್, ರಾಚ್‌ಡೇಲ್‌ನಂಥ, ಕಾರ್ಖಾನೆ ಮುಚ್ಚಿ ಮೊದಲೇ ಬಡವಾಗಿದ್ದ ಊರುಗಳಿಗೆ. 200 ನಿವಾಸಿಗಳಿಗೆ ಒಬ್ಬರಿಗಿಂತ ಜಾಸ್ತಿ ಇಡಬಾರದು ಎಂಬ ಮಿತಿ ಇತ್ತು, ಮಿಡಲ್ಸ್‌ಬ್ರೊದಲ್ಲಿ ಅದನ್ನೂ ಮೀರಿತು. ಎಷ್ಟೋ ಶ್ರೀಮಂತ ಊರುಗಳಲ್ಲಿ ಒಬ್ಬರೂ ಇರಲಿಲ್ಲ. ಮಿಡಲ್ಸ್‌ಬ್ರೊದಲ್ಲಿ 2016ರಲ್ಲಿ ಹೊರಬಿದ್ದ ಸಂಗತಿ ಇನ್ನೂ ಮನಸ್ಸನ್ನು ಕಲಕುತ್ತದೆ: ಆಶ್ರಯ ಕೋರಿದವರ ಮನೆಗಳಲ್ಲಿ ಹೆಚ್ಚಿನವಕ್ಕೆ ಕೆಂಪು ಬಣ್ಣದ ಬಾಗಿಲು. ಬೇಕೆಂದು ಮಾಡಿದ್ದಲ್ಲ ಎಂದರು. ಆದರೆ ಬಾಗಿಲು ನೋಡಿದರೆ ಒಳಗೆ ಯಾರಿದ್ದಾರೆ ಎಂದು ಗೊತ್ತಾಗುತ್ತಿತ್ತು, ಮೊಟ್ಟೆ, ಕಲ್ಲು ಬೀಳುತ್ತಿದ್ದವು. ಆಮೇಲೆ ಬೇರೆ ಬಣ್ಣ ಬಳಿಸಿದರು. ಎಲ್ಲ ಕೌನ್ಸಿಲ್‌ಗಳೂ ಪಾಲು ಹೊರಬೇಕು ಎಂದು ಸರ್ಕಾರ ಹೇಳಿದ್ದು 2022ರಲ್ಲಿ.

ಈಗ ಹೋಟೆಲು. ಎಲ್ಲರೂ ಕೇಳುವುದು ಇದನ್ನೇ.

ಕೋವಿಡ್ ಬಂದಾಗ ಹಳಬರನ್ನು ಹೊರಗೆ ಕಳಿಸುವುದು ನಿಂತಿತು, ಹೊಸಬರಿಗೆ ಜಾಗ ಸಾಲದೆ ಹೋಟೆಲು ಹಿಡಿದರು. ತಾತ್ಕಾಲಿಕ ಎಂದೇ ಹಿಡಿದಿದ್ದು. ಅದೇ ಸಮಯಕ್ಕೆ ಸಣ್ಣ ದೋಣಿಗಳು ಹೆಚ್ಚಿದವು. 2018ರಲ್ಲಿ ಹೀಗೆ ಬಂದವರು 299 ಜನ. 2022ರಲ್ಲಿ 45,774. ಆದರೆ ಹೋಟೆಲು ತುಂಬಿದ್ದು ದೋಣಿಗಳಿಂದ ಮಾತ್ರ ಅಲ್ಲ, ಫೈಲುಗಳು ಕದಲದೆ ಇದ್ದದ್ದರಿಂದ. ಅರ್ಜಿಗೆ ಹೌದು ಅಥವಾ ಇಲ್ಲ ಎಂದು ಹೇಳಿದರೆ ಆ ಹಾಸಿಗೆ ಖಾಲಿಯಾಗುತ್ತದೆ. ಹೇಳದಿದ್ದರೆ ಅದೇ ಮನುಷ್ಯ ಅದೇ ಕೋಣೆಯಲ್ಲಿ ವರ್ಷಗಟ್ಟಲೆ ಇರುತ್ತಾನೆ. 2023ರ ಮಧ್ಯದಲ್ಲಿ ಮೊದಲ ತೀರ್ಮಾನಕ್ಕೆ ಕಾಯುತ್ತಿದ್ದವರ ಸಂಖ್ಯೆ 1,75,000 ದಾಟಿತ್ತು. ಅದೇ ವರ್ಷ ಬಂದ ಹೊಸ ಕಾನೂನು, ದೋಣಿಯಲ್ಲಿ ಬಂದವರನ್ನು ಆಫ್ರಿಕಾದ ರುವಾಂಡಾಕ್ಕೆ ಕಳಿಸುತ್ತೇವೆ ಎಂದು ಹೇಳಿ ಅವರ ಅರ್ಜಿ ನೋಡುವುದನ್ನೇ ನಿಲ್ಲಿಸಿತು. ಆ ಕಾನೂನಿನಡಿ ಯಾರನ್ನೂ ಬಲವಂತವಾಗಿ ಕಳಿಸಲಾಗಲಿಲ್ಲ. 2024ರಲ್ಲಿ ಹೊಸ ಸರ್ಕಾರ ಬಂದು ಯೋಜನೆ ಕೈಬಿಟ್ಟಿತು. ಅಷ್ಟು ದಿನ ಜನ ಹೋಟೆಲಿನಲ್ಲಿ ಕೂತಿದ್ದರು, ಮೀಟರ್ ಓಡುತ್ತಿತ್ತು.

2023ರ ಸೆಪ್ಟೆಂಬರ್‌ನಲ್ಲಿ ಸುಮಾರು 56,000 ಜನ ಹೋಟೆಲುಗಳಲ್ಲಿದ್ದರು. 2025ರ ಜೂನ್ ಹೊತ್ತಿಗೆ ಸುಮಾರು 32,000. ಒಬ್ಬರಿಗೆ ಒಂದು ರಾತ್ರಿಗೆ ಹೋಟೆಲಿನಲ್ಲಿ ಸುಮಾರು 145 ಪೌಂಡ್ ಖರ್ಚು, ಮಾಮೂಲಿ ಮನೆಯಲ್ಲಾದರೆ ಸುಮಾರು 23 ಪೌಂಡ್. ಮೂರು ಕಂಪನಿಗಳ ಹತ್ತು ವರ್ಷದ ಗುತ್ತಿಗೆಗೆ ಮೊದಲು ಅಂದಾಜು ಮಾಡಿದ್ದು 450 ಕೋಟಿ ಪೌಂಡ್. 2025ರ ಮೇ ತಿಂಗಳಲ್ಲಿ ಅಲ್ಲಿನ ಲೆಕ್ಕಪರಿಶೋಧಕರು ಕೊಟ್ಟ ಹೊಸ ಅಂದಾಜು 1,530 ಕೋಟಿ ಪೌಂಡ್. ಈ ದುಡ್ಡಲ್ಲಿ ಒಂದು ಇಟ್ಟಿಗೆಯೂ ಉಳಿಯುವುದಿಲ್ಲ. ಗುತ್ತಿಗೆ ಮುಗಿದ ದಿನ ಸರ್ಕಾರದ ಕೈಯಲ್ಲಿ ಒಂದು ಮನೆಯೂ ಇರುವುದಿಲ್ಲ. ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಇದಕ್ಕೆ.

ಹೋಟೆಲು ಅಂದರೆ ವೈಭೋಗ ಎಂದುಕೊಳ್ಳಬೇಡಿ. ಒಂದು ಕೋಣೆಯಲ್ಲಿ ಇಡೀ ಕುಟುಂಬ, ಅಥವಾ ಗುರುತೇ ಇಲ್ಲದ ಇಬ್ಬರು ಮೂವರು ಗಂಡಸರು. ಅಡುಗೆ ಮಾಡಿಕೊಳ್ಳುವ ಹಾಗಿಲ್ಲ, ಕೊಟ್ಟದ್ದನ್ನು ತಿನ್ನಬೇಕು. ಊಟ ಕೊಡುವ ಕಡೆ ಇರುವವರಿಗೆ ವಾರಕ್ಕೆ ಕೈಗೆ ಸಿಗುವುದು 2025ರಲ್ಲಿ 9.95 ಪೌಂಡ್, ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಗಿಂತ ಸ್ವಲ್ಪ ಜಾಸ್ತಿ. ಬಸ್ಸು, ಫೋನು, ಮಗುವಿಗೆ ಬಿಸ್ಕತ್ತು, ಎಲ್ಲ ಅದರಲ್ಲೇ. ದುಡಿಯೋಣ ಎಂದರೆ ಕೆಲಸ ಮಾಡಲು ಬಿಡುವುದಿಲ್ಲ. ಒಂದು ವರ್ಷ ಕಾದರೂ ತೀರ್ಮಾನ ಬರದಿದ್ದರೆ ಅನುಮತಿ ಕೇಳಬಹುದು, ಅದೂ ಕೆಲವೇ ಬಗೆಯ ಕೆಲಸಕ್ಕೆ.

ಊರಿನವರ ದೂರಿನಲ್ಲೂ ಹುರುಳಿದೆ. ಊರಿನ ಒಂದೇ ಹೋಟೆಲು ಒಂದು ರಾತ್ರಿಯಲ್ಲಿ ಮುಚ್ಚುತ್ತದೆ, ಅಲ್ಲಿ ಬುಕ್ ಆಗಿದ್ದ ಮದುವೆ ರದ್ದಾಗುತ್ತದೆ, ಕೌನ್ಸಿಲ್‌ಗೂ ಕೊನೇ ಗಳಿಗೆಯಲ್ಲಿ ಗೊತ್ತಾಗುತ್ತದೆ. 2025ರ ಜುಲೈನಲ್ಲಿ ಲಂಡನ್ ಪಕ್ಕದ ಎಪಿಂಗ್‌ನಲ್ಲಿ ಹೋಟೆಲಿನ ಮುಂದೆ ದೊಡ್ಡ ಪ್ರತಿಭಟನೆಗಳಾದವು. ಆಗಸ್ಟ್ 19ರಂದು ಹೈಕೋರ್ಟ್, ಅಲ್ಲಿ ಆಶ್ರಯ ಕೋರಿದವರನ್ನು ಇಡಬಾರದು ಎಂದು ತಾತ್ಕಾಲಿಕ ಆದೇಶ ಕೊಟ್ಟಿತು. ಹತ್ತು ದಿನಕ್ಕೆ ಮೇಲ್ಮನವಿ ನ್ಯಾಯಾಲಯ ಅದನ್ನು ತೆಗೆದುಹಾಕಿತು. ಕೋರ್ಟಿನಲ್ಲಿ ನಡೆದ ವಾದ ವಲಸೆಯ ಬಗ್ಗೆ ಅಲ್ಲ, ಹೋಟೆಲು ಎಂದು ಪರವಾನಗಿ ಪಡೆದ ಕಟ್ಟಡವನ್ನು ಹಾಸ್ಟೆಲಿನ ಹಾಗೆ ಬಳಸಬಹುದೇ ಎನ್ನುವುದರ ಬಗ್ಗೆ.

ಈಗ ನಾನು ಮೊದಲು ಹೇಳಿದ ಆ ಜಾಗಕ್ಕೆ ಬರುತ್ತೇನೆ, ಎರಡು ಸಾಲು ಸೇರುವ ಕಡೆಗೆ.

ಒಬ್ಬ ಹೆಂಗಸಿಗೆ ಎರಡು ವರ್ಷ ಕಾದ ಮೇಲೆ ಕಾಗದ ಬರುತ್ತದೆ: ನಿಮ್ಮ ಅರ್ಜಿ ಒಪ್ಪಿದ್ದೇವೆ, ನೀವೀಗ ನಿರಾಶ್ರಿತರು, ಕೆಲಸ ಮಾಡಬಹುದು, ಸವಲತ್ತು ಪಡೆಯಬಹುದು. ಅವಳ ಬದುಕಿನ ಅತಿ ಸಂತೋಷದ ದಿನ. ಆ ದಿನದಿಂದಲೇ ಗೃಹ ಇಲಾಖೆಯ ಮನೆ ಬಿಡುವ ಗಡಿಯಾರ ಶುರುವಾಗುತ್ತದೆ. 28 ದಿನ. ಅಷ್ಟರಲ್ಲಿ ಬ್ಯಾಂಕ್ ಖಾತೆ ತೆರೆಯಬೇಕು, ಸರ್ಕಾರಿ ಭತ್ಯೆಗೆ ಅರ್ಜಿ ಹಾಕಬೇಕು, ಕೆಲಸ ಹುಡುಕಬೇಕು, ಮನೆ ಹುಡುಕಬೇಕು. ಭತ್ಯೆಯ ಮೊದಲ ಕಂತು ಬರಲು ಸಾಮಾನ್ಯವಾಗಿ ಐದು ವಾರ ಬೇಕು, ಅಂದರೆ 35 ದಿನ. 28 ದಿನಕ್ಕೆ ಮನೆ ಹೋಗುತ್ತದೆ, 35ನೇ ದಿನ ದುಡ್ಡು ಬರುತ್ತದೆ. ಖಾಸಗಿ ಬಾಡಿಗೆ ಮನೆಗೆ ಐದು ವಾರದ ಬಾಡಿಗೆಯಷ್ಟು ಮುಂಗಡ ಕೇಳುತ್ತಾರೆ, ಜಾಮೀನುದಾರರು ಬೇಕೆನ್ನುತ್ತಾರೆ. ವಾರಕ್ಕೆ 9.95 ಪೌಂಡಿನಲ್ಲಿ ಯಾರು ಏನು ಉಳಿಸಲು ಸಾಧ್ಯ? ದುಡಿಯಲು ಬಿಟ್ಟಿರಲೇ ಇಲ್ಲವಲ್ಲ.

ಇನ್ನೊಂದು ಸಂಖ್ಯೆ ನೋಡಿ. ಇಂಗ್ಲೆಂಡಿನಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಯಾರಾದರೂ 56 ದಿನದೊಳಗೆ ಮನೆ ಕಳೆದುಕೊಳ್ಳುತ್ತಾರೆ ಎಂದರೆ ಕೌನ್ಸಿಲ್ ಆಗಲೇ ಸಹಾಯಕ್ಕೆ ಇಳಿಯಬೇಕು. ಇಂಥ ಕೆಲಸಕ್ಕೆ ಎಂಟು ವಾರವಾದರೂ ಬೇಕು ಎಂದು ಸರ್ಕಾರವೇ ಲೆಕ್ಕ ಹಾಕಿತ್ತು. ಅದೇ ಸರ್ಕಾರದ ಇನ್ನೊಂದು ಇಲಾಖೆ ನಾಲ್ಕೇ ವಾರಕ್ಕೆ ಜನರನ್ನು ಹೊರಗೆ ಕಳಿಸುತ್ತದೆ. 2024ರ ಡಿಸೆಂಬರ್‌ನಲ್ಲಿ ಪ್ರಯೋಗಕ್ಕೆಂದು 56 ದಿನ ಮಾಡಿದರು, ಸಹಾಯ ಸಂಸ್ಥೆಗಳು ಇದನ್ನು ಸ್ವಾಗತಿಸಿದವು. 2025ರ ಸೆಪ್ಟೆಂಬರ್‌ನಿಂದ ಒಂಟಿಯಾಗಿರುವ ಹೆಚ್ಚಿನ ವಯಸ್ಕರಿಗೆ ಮತ್ತೆ 28ಕ್ಕೆ ಇಳಿಸಿದರು.

ಒಂಟಿ ಗಂಡಸಿಗೆ ಇದು ಜಾಸ್ತಿ ಕಷ್ಟ. ಇಂಗ್ಲೆಂಡಿನಲ್ಲಿ ಮಕ್ಕಳಿರುವವರು, ಗರ್ಭಿಣಿಯರು, ತೀರಾ ಅಶಕ್ತರು ಮುಂತಾದವರಿಗೆ ಮಾತ್ರ ಕೌನ್ಸಿಲ್ ತಾತ್ಕಾಲಿಕ ವಸತಿ ಕೊಡಲೇಬೇಕು. ಆರೋಗ್ಯವಾಗಿರುವ 28 ವರ್ಷದ ಯುವಕ ಈ ಗುಂಪಿಗೆ ಬರುವುದಿಲ್ಲ. ಅವನು ಗೆಳೆಯನ ಸೋಫಾ ಮೇಲೆ, ಅದೂ ಇಲ್ಲದಿದ್ದರೆ ರಸ್ತೆಯಲ್ಲಿ ಮಲಗುತ್ತಾನೆ. ಕುಟುಂಬಕ್ಕೆ ತಾತ್ಕಾಲಿಕ ವಸತಿ ಸಿಗುತ್ತದೆ, ಅಲ್ಲಿಂದ ಕೌನ್ಸಿಲ್ ಪಟ್ಟಿಗೆ ಸೇರುತ್ತದೆ, 'ಮನೆಯಿಲ್ಲದವರು' ಎಂಬ ಆದ್ಯತೆಯಲ್ಲಿ. ಗಮನಿಸಿ, ಆದ್ಯತೆ ಸಿಗುವುದು ನಿರಾಶ್ರಿತರು ಎಂದಲ್ಲ, ಮನೆ ಇಲ್ಲ ಎಂದು. ಅದೇ ಬೀದಿಯಲ್ಲಿ ಮನೆ ಕಳೆದುಕೊಂಡ ಇಂಗ್ಲಿಷ್ ಕುಟುಂಬಕ್ಕೂ ಅಷ್ಟೇ ಆದ್ಯತೆ. ಅವರಿಗೆ ಮನೆ ಇಲ್ಲದ ಹಾಗೆ ಮಾಡಿದ್ದು ಮಾತ್ರ ಸರ್ಕಾರವೇ.

ಸ್ಕಾಟ್ಲೆಂಡಿನ ಕಾನೂನು ಇದಕ್ಕಿಂತ ಉದಾರ. 2012ರ ಕೊನೆಯಿಂದ ಅಲ್ಲಿ, ಬೇಕೆಂದೇ ಮನೆ ಬಿಟ್ಟವರನ್ನು ಬಿಟ್ಟರೆ, ಮನೆಯಿಲ್ಲದ ಯಾರಿಗೇ ಆಗಲಿ ಕೌನ್ಸಿಲ್ ವಸತಿ ಕೊಡಬೇಕು, ಒಂಟಿ ಗಂಡಸಿಗೂ. 2022ರ ನವೆಂಬರ್‌ನಿಂದ, ನೀವು ಇದೇ ಊರಿನವರೇ ಎಂದು ಕೇಳುವುದನ್ನೂ ಬಿಟ್ಟಿದ್ದಾರೆ. ಒಳ್ಳೆಯ ಕಾನೂನು. ಆದರೆ ಅದರ ಭಾರವೆಲ್ಲ ಗ್ಲಾಸ್ಗೊದ ಮೇಲೆ ಬಿತ್ತು. ಮೊದಲೇ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಆಶ್ರಯ ಕೋರಿದವರಿರುವ ಊರು ಅದು. 2023ರಲ್ಲಿ ಗೃಹ ಇಲಾಖೆ ಬಾಕಿ ಫೈಲುಗಳನ್ನು ರಾಶಿ ರಾಶಿಯಾಗಿ ಬೇಗ ಬೇಗ ತೀರ್ಮಾನ ಮಾಡತೊಡಗಿತು. ಅಷ್ಟೂ ಜನ ಒಟ್ಟಿಗೆ ಕೌನ್ಸಿಲ್ ಬಾಗಿಲಿಗೆ ಬಂದರು. ಆ ನವೆಂಬರ್‌ನಲ್ಲಿ ಗ್ಲಾಸ್ಗೊ ವಸತಿ ತುರ್ತುಪರಿಸ್ಥಿತಿ ಘೋಷಿಸಿತು. ಫೈಲು ನಿಧಾನವಾದರೆ ಹೋಟೆಲು ತುಂಬುತ್ತದೆ, ಬೇಗ ಮುಗಿಸಿದರೆ ಕೌನ್ಸಿಲ್ ತುಂಬುತ್ತದೆ. ಒಂದು ಇಲಾಖೆಯ ಖರ್ಚು ಇಳಿದರೆ ಇನ್ನೊಂದರದು ಏರುತ್ತದೆ.

ಇದಕ್ಕಿಂತ ಕಣ್ಣಿಗೆ ಬೀಳದ ಇನ್ನೊಂದು ಜಗ್ಗಾಟ ಇದೆ. ಗುತ್ತಿಗೆ ಕಂಪನಿಗಳು ಮನೆ ಮಾಲೀಕರಿಗೆ ಐದು ವರ್ಷ ತಪ್ಪದೆ ಬಾಡಿಗೆ, ರಿಪೇರಿಯೂ ನಮ್ಮದೇ ಎನ್ನುತ್ತವೆ. ಅದೇ ಬೀದಿಯ ಅದೇ ಮನೆಯನ್ನು ಕೌನ್ಸಿಲ್ ಕೂಡ ತನ್ನ ಮನೆಯಿಲ್ಲದ ಕುಟುಂಬಕ್ಕಾಗಿ ಹುಡುಕುತ್ತಿರುತ್ತದೆ. 2025ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ 1,31,000 ಕುಟುಂಬಗಳು ತಾತ್ಕಾಲಿಕ ವಸತಿಯಲ್ಲಿದ್ದವು. ಒಂದೇ ಸರ್ಕಾರದ ಎರಡು ಕೈಗಳು ಒಂದೇ ಮನೆಗೆ ಪೈಪೋಟಿ ಮಾಡಿ ಬಾಡಿಗೆ ಏರಿಸುತ್ತವೆ. ಬಡ ಊರಿನವರು 'ಅವರಿಂದ ನಮಗೆ ಮನೆ ಸಿಗುತ್ತಿಲ್ಲ' ಎಂದಾಗ ಅದರಲ್ಲಿ ಇಷ್ಟು ನಿಜ ಇದೆ. ಕೌನ್ಸಿಲ್ ಪಟ್ಟಿಯಲ್ಲಿ ಅಲ್ಲ, ಅಗ್ಗದ ಬಾಡಿಗೆ ಮನೆಗಳಲ್ಲಿ.

ನಮ್ಮ ಬೈಲಕುಪ್ಪೆ ನೆನಪಾಗುತ್ತದೆ. 1960ರ ಹೊತ್ತಿಗೆ ಆಗಿನ ಮೈಸೂರು ರಾಜ್ಯ ಟಿಬೆಟಿನವರಿಗೆ ಅಲ್ಲಿ ಸುಮಾರು 3,000 ಎಕರೆ ಕಾಡು ಜಮೀನು ಕೊಟ್ಟಿತು. ಮೊದಲು ಬಂದವರು ಡೇರೆಯಲ್ಲಿದ್ದು, ಕಾಡು ಕಡಿದು, ಆನೆಗಳ ನಡುವೆ ಮುಸುಕಿನ ಜೋಳ ಬೆಳೆದರು. ಕಷ್ಟದ ಬದುಕೇ ಅದು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯದಲ್ಲೂ ಹೀಗೇ ನೆಲೆ ನಿಂತರು. ಬ್ರಿಟನ್ನಿನಲ್ಲಿ ಅಷ್ಟು ನೆಲ ಇಲ್ಲ, ಹಾಗೇ ಮಾಡಿ ಎನ್ನಲಾಗುವುದಿಲ್ಲ. ಆದರೆ ಬಂದವರಿಗೆ ಮೊದಲ ದಿನದಿಂದ ದುಡಿಯುವ ಕೆಲಸ ಇತ್ತು ಎನ್ನುವುದು ದೊಡ್ಡ ವಿಷಯ.

ಬ್ರಿಟನ್ನೂ ಮನಸ್ಸು ಮಾಡಿದಾಗ ಇದನ್ನು ಮಾಡಿದೆ. 2022ರಿಂದ ಉಕ್ರೇನಿನಿಂದ ಎರಡು ಲಕ್ಷಕ್ಕಿಂತ ಜಾಸ್ತಿ ಜನ ಬಂದರು. ಅವರಿಗೆ ಬಂದ ದಿನದಿಂದಲೇ ಕೆಲಸದ ಹಕ್ಕು ಇತ್ತು. ಮನೆಯಲ್ಲಿ ಇರಿಸಿಕೊಂಡ ಕುಟುಂಬಗಳಿಗೆ ಸರ್ಕಾರ ತಿಂಗಳಿಗೆ 350 ಪೌಂಡ್ ಕೊಟ್ಟಿತು. ಎಲ್ಲವೂ ಸಲೀಸಾಗಿ ನಡೆಯಲಿಲ್ಲ, ಆಸರೆ ಕೊಟ್ಟವರ ಜೊತೆ ಹೊಂದದೆ ಸಾವಿರಾರು ಕುಟುಂಬಗಳು ಕೌನ್ಸಿಲ್ ಬಾಗಿಲಿಗೆ ಬಂದವು. ಆದರೂ ಅಷ್ಟು ಜನಕ್ಕೆ ಅಷ್ಟು ಹೋಟೆಲು ಬೇಕಾಗಲಿಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಇನ್ನೊಂದು ಯೋಜನೆ ಬಂತು, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ 50 ಕೋಟಿ ಪೌಂಡ್ ಕೊಟ್ಟು, ಉಕ್ರೇನ್ ಮತ್ತು ಅಫ್ಘಾನಿಸ್ತಾನದಿಂದ ಬಂದ ಕುಟುಂಬಗಳಿಗಾಗಿ ಮನೆ ಕೊಳ್ಳಿ ಎಂದರು. ಕೌನ್ಸಿಲ್ ಒಂದು ಹಳೆಯ ಮೂರು ಕೋಣೆಯ ಮನೆ ಕೊಳ್ಳುತ್ತದೆ, ಕಾಬೂಲಿನಿಂದ ಬಂದ ಕುಟುಂಬವೊಂದು ಅಲ್ಲಿಗೆ ಬರುತ್ತದೆ, ಮಕ್ಕಳು ಪಕ್ಕದ ಶಾಲೆಗೆ ಹೋಗುತ್ತಾರೆ, ಅಪ್ಪ ಅಮ್ಮ ದುಡಿದು ಬಾಡಿಗೆ ಕಟ್ಟುತ್ತಾರೆ. ಮುಂದೊಂದು ದಿನ ಅವರು ಬೇರೆ ಕಡೆ ಹೋದರೆ ಬೀಗದ ಕೈ ವಾಪಸ್ ಕೌನ್ಸಿಲ್‌ಗೆ ಬರುತ್ತದೆ. ಆಗ ಆ ಮನೆ, ಅದೇ ಊರಿನಲ್ಲಿ ಮನೆಗಾಗಿ ಕಾಯುತ್ತಿರುವ ಇನ್ನೊಂದು ಕುಟುಂಬಕ್ಕೆ.